ಬಡ್ತಿ ಬೇಡವೆಂದ ಡ್ರೈವರ್

ವಸತಿ ಮಂಡಳಿಯ ನೋಟಿಸು ಒಂದೇ ಪುಟದ್ದು. ಗಂಡ ಹೆಂಡಿರ ವರಮಾನ ಸೇರಿ ವರ್ಷಕ್ಕೆ ಇಂತಿಷ್ಟು ದಾಟಿದರೆ ಸರ್ಕಾರಿ ಮನೆಗೂ ಮಾರುಕಟ್ಟೆ ಬಾಡಿಗೆ; ಅಂದರೆ ಈಗಿನದರ ಮೂರು ಪಟ್ಟು. ಮೂರನೇ ಮಹಡಿಯ ಬಸ್ ಡ್ರೈವರ್ ಅದನ್ನು ಎರಡು ಸಲ ಓದಿ ಹೆಂಡತಿಯ ಕೈಗಿಟ್ಟ. ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು; ಲೆಕ್ಕದಲ್ಲಿ ಗಂಡನಿಗಿಂತ ಚುರುಕು.

"ನಾವು ಗೆರೆಯ ಈ ಕಡೆ ಇದ್ದೀವಿ. ಕೂದಲೆಳೆಯಷ್ಟು," ಎಂದಳು. "ನಾನು ಓವರ್‌ಟೈಮ್ ಬಿಡ್ತೀನಿ. ನೀವೂ ಹುಷಾರು."

ಮರುವಾರವೇ ಡಿಪೊ ಮ್ಯಾನೇಜರ್ ಅವನನ್ನು ಕರೆದು, ಸೂಪರ್‌ವೈಸರ್ ಮಾಡುವುದಾಗಿ ಹೇಳಿದರು. ಹದಿನೆಂಟು ವರ್ಷ ಕಾದಿದ್ದ ಮಾತು.

"ಬೇಡ ಸರ್."

"ಯಾಕ್ರೀ?"

ಬಾಡಿಗೆಯ ವಿಷಯ ಬಾಯಿಬಿಡಲು ನಾಚಿಕೆಯಾಯಿತು. "ಸ್ಟೇರಿಂಗ್ ಹಿಡಿದ ಕೈ ಸರ್. ಪೆನ್ನು ಹಿಡಿದ್ರೆ ನಡುಗುತ್ತೆ."

ಮ್ಯಾನೇಜರ್ ಕಣ್ಣೊರೆಸಿಕೊಂಡರು. ಕುರ್ಚಿ ಬೇಡವೆಂದ ಮನುಷ್ಯನನ್ನು ಅವರು ಕಂಡದ್ದು ಅದೇ ಮೊದಲು. ಮೇಲಿನವರಿಗೆ ಬರೆದು, ಆ ವರ್ಷದ 'ನಿಸ್ವಾರ್ಥ ನೌಕರ' ಬಹುಮಾನವನ್ನು ಅವನಿಗೇ ಕೊಡಿಸಿದರು. ಒಂದು ಫಲಕ, ಎರಡು ತಿಂಗಳ ಸಂಬಳ. ಅಷ್ಟು ಜನ ಚಪ್ಪಾಳೆ ತಟ್ಟುತ್ತಿರುವಾಗ ಬೇಡವೆನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ದುಡ್ಡು ಖಾತೆಗೆ ಬಿತ್ತು. ವರ್ಷದ ವರಮಾನ ಗೆರೆ ದಾಟಿತು.

ಮಾರುಕಟ್ಟೆ ಬಾಡಿಗೆಯ ಪತ್ರ ಬಂದಾಗ ಇಬ್ಬರೂ ಮಂಡಳಿಗೆ ಹೋದರು.

"ಅದು ಬಹುಮಾನ, ಸಂಬಳ ಅಲ್ಲ," ಎಂದಳು ಹೆಂಡತಿ.

"ಬಂದಿದ್ದೆಲ್ಲ ವರಮಾನಾನೇ ಅಮ್ಮ," ಎಂದ ಗುಮಾಸ್ತ.

"ಡಿಪೊಗೇ ವಾಪಸ್ ಕೊಟ್ಟುಬಿಟ್ರೆ?" ಎಂದ ಡ್ರೈವರ್.

"ಕೊಡಿ, ಒಳ್ಳೇದು. ಅದನ್ನ ದಾನ ಅಂತ ಬರ್ಕೋತೀವಿ. ಬಾಡಿಗೆ ಇಳಿಯಲ್ಲ."

ಮನೆಗೆ ಬಂದರು. ಅವರ ಮಹಡಿಯ ಆರು ಮನೆಗಳಲ್ಲಿ ಎರಡಕ್ಕೆ, ಹೊಸ ಬಾಡಿಗೆ ಕಟ್ಟಲಾರದೆ ಬಿಟ್ಟುಹೋದವರದಕ್ಕೆ, ಆಗಲೇ ಬೀಗ ಬಿದ್ದಿತ್ತು. ಹೆಂಡತಿ ಬೀಗಗಳನ್ನು ನೋಡುತ್ತ ನಿಂತಳು.

"ಮುಳುಗಿದವರಿಗೆ ಚಳಿಯೇನು? ಹೋಗಿ, ಆ ಕುರ್ಚಿ ಇನ್ನೂ ಖಾಲಿ ಇದ್ಯಾ ಕೇಳಿ."

ಇತ್ತು. ಮ್ಯಾನೇಜರ್ ಡ್ರಾಯರಿನಿಂದ ಹಾಳೆ ತೆಗೆದರು.

"ನಿಮ್ಮನ್ನ ನೋಡಿ ನಾನೂ ಆಸೆ ಬಿಡೋಣ ಅಂತಿದ್ದೆ ಕಣ್ರೀ," ಎಂದು ನಿಟ್ಟುಸಿರಿಟ್ಟು ಆದೇಶಕ್ಕೆ ಸಹಿ ಹಾಕಿದರು.

ಹೆಂಡತಿ ಮತ್ತೆ ಓವರ್‌ಟೈಮಿಗೆ ಹೆಸರು ಕೊಟ್ಟಳು. ಅವನ ಬಡ್ತಿ, ಅವಳ ಹೆಚ್ಚಿನ ಗಂಟೆ, ಎರಡೂ ನೇರ ಬಾಡಿಗೆಗೆ ಹೋದವು. ಕೈಯಲ್ಲಿ ಉಳಿಯುವುದು ಹಿಂದಿನಷ್ಟೇ. ಅವನು ಹಗಲೆಲ್ಲ ಡ್ರೈವರುಗಳ ಪಾಳಿ ಪಟ್ಟಿ ಬರೆಯುತ್ತಾನೆ. ಆಗಾಗ ಬಲಗಾಲು ತಾನಾಗಿ ಬ್ರೇಕು ಹುಡುಕುತ್ತದೆ.

ಇಬ್ಬರೂ ಒಟ್ಟಿಗೆ ಮನೆಯಲ್ಲಿರುವುದು ಭಾನುವಾರ ಮಾತ್ರ. ಅವತ್ತು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ಬಾಡಿಗೆ ಕೊಟ್ಟು ಹೊರಗೆ ಅಲೆಯುವುದು ದಂಡ ಎಂದು ಆಕೆಯ ಲೆಕ್ಕ.