ಗಿಲಕಿಯ ಗಂಟಲು

“ಇದರಲ್ಲಿ ಅಮ್ಮ ದೊಡ್ಡವಳಾದ ಮೇಲಿನ ಫೋಟೋ ಒಂದಾದ್ರೂ ಇದ್ಯಾ ದೊಡ್ಡಮ್ಮ?” ಎನ್ನುತ್ತ ಮಗಳು ಟ್ರಂಕನ್ನು ಎತ್ತಿ ಮಂಚದ ಮೇಲೆ ಬೋರಲು ಹಾಕಿದಳು.

ಹಳದಿ ಫ್ರಾಕು ಬಿತ್ತು. ಕೆಂಪು ಬಕಲಿನ ಪುಟ್ಟ ಬೂಟುಗಳು ಬಿದ್ದವು. ಎರಡು ಸ್ಪ್ರಿಂಗುಗಳ ತುದಿಯಲ್ಲಿ ಹತ್ತಿಯುಂಡೆ ಕುಣಿಯುವ ತಲೆಪಟ್ಟಿ, ಕಿಲುಬು ಹಿಡಿದ ಬಹುಮಾನದ ಕಪ್ಪು, ಬಿಸ್ಕತ್ತಿನ ಪೊಟ್ಟಣಗಳಿಂದ ಬಿಡಿಸಿಟ್ಟ ಅಂಟುಚಿತ್ರಗಳು. ಕೊನೆಗೆ ಒಂದು ರಾಶಿ ಫೋಟೋ. ಎಲ್ಲದರಲ್ಲೂ ಒಂಬತ್ತರ ಆಸುಪಾಸಿನ ಅದೇ ಹುಡುಗಿ, ಹಲ್ಲು ಬಿದ್ದ ಅದೇ ನಗು.

ಹೊರಗಿನ ಕೋಣೆಯಲ್ಲಿ ಆ ಹುಡುಗಿ ಐವತ್ತೆರಡರ ಹೆಂಗಸಾಗಿ ಬಿಳಿ ಹೊದಿಕೆಯಡಿ ಮಲಗಿದ್ದಳು. ಹಿಂದಿನ ದಿನ ತಾನು ಕೆಲಸ ಮಾಡುವ ಫೋಟೋ ಕಟ್ಟಿನ ಅಂಗಡಿಯಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲು ಒಂದು ಗಳಿಗೆ ಗೋಡೆಗೊರಗಿ ಕೂತವಳು ಮತ್ತೆ ಏಳಲಿಲ್ಲ. ತಲೆಯ ಹತ್ತಿರ ಇಡಲು ಒಂದು ಫೋಟೋ ಬೇಕಿತ್ತು. ಕ್ಯಾಮೆರಾ ಕಂಡರೆ ತಲೆ ತಗ್ಗಿಸುತ್ತಿದ್ದವಳು ಅವಳು. ಮಗಳ ಮದುವೆಯ ಆಲ್ಬಮ್ಮಿನಲ್ಲೂ ಅವಳ ಮುಖಕ್ಕಿಂತ ಬೈತಲೆಯೇ ಹೆಚ್ಚಾಗಿ ಬಿದ್ದಿತ್ತು.

“ಊರವರ ಫೋಟೋಗೆಲ್ಲ ಕಟ್ಟು ಹಾಕಿ ಕೊಟ್ಟೋಳು, ತನ್ನದೊಂದು ಇಟ್ಕೊಳ್ಲಿಲ್ಲ ನೋಡು,” ಎಂದಳು ದೊಡ್ಡಮ್ಮ. ಅವಳು ತೀರಿಕೊಂಡವಳ ಸ್ವಂತ ಅಕ್ಕ. ಗಂಡ ಹೋದ ಮೇಲೆ ತಂಗಿಯ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು.

ಮಗಳು ಫೋಟೋಗಳನ್ನು ತಿರುವಿ ಹಾಕುತ್ತ ನಿಂತಳು. ಎಷ್ಟೋ ಫೋಟೋಗಳ ಒಂದು ಅಂಚು ಕತ್ತರಿಯಿಂದ ಕತ್ತರಿಸಿದ್ದು. ಒಂದರಲ್ಲಿ ಹುಡುಗಿಯ ಹೆಗಲ ಮೇಲೆ ಒಂದು ಕೈ ಇತ್ತು, ಕೈಯ ಒಡತಿ ಇರಲಿಲ್ಲ. ಇನ್ನೊಂದರಲ್ಲಿ ಅದೇ ಕೈ ಹುಡುಗಿಯ ಬೆರಳು ಹಿಡಿದಿತ್ತು, ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ.

“ಈ ಕೈ ಯಾರದ್ದು?”

“ಯಾರದ್ದೋ. ನಿಮ್ಮಜ್ಜಿ ಕತ್ತರಿಸಿದ್ದು. ಸತ್ತ ಮನೇಲಿ ಹಳೇ ಪುರಾಣ ಯಾಕೆ, ಎತ್ತಿಡು.”

ಅಷ್ಟರಲ್ಲಿ ಕಟ್ಟಿನ ಅಂಗಡಿಯ ಯಜಮಾನರು ಕಾಗದದಲ್ಲಿ ಸುತ್ತಿದ ಏನನ್ನೋ ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ಬಂದರು. ತೀರಿಕೊಂಡವಳು ಅವರಲ್ಲಿ ಗಾಜು ಕೊಯ್ದು, ಮರದ ಪಟ್ಟಿ ಜೋಡಿಸಿ ಕಾಲು ಶತಮಾನ ಕಳೆದಿದ್ದಳು.

“ಅವಳು ಕೂತು ಕೆಲಸ ಮಾಡೋ ಜಾಗದ ಮುಂದೆ ಇದನ್ನ ನೇತು ಹಾಕ್ಕೊಂಡಿದ್ಲು ಕಣಮ್ಮ. ಚಿಕ್ಕಂದಿನದ್ದೇ. ಆದ್ರೂ ಇರ್ಲಿ ಅಂತ ತಂದೆ.”

ಚಂದದ ಕಟ್ಟು. ಒಳಗೆ ಕತ್ತರಿ ತಾಗದ ಫೋಟೋ. ತಲೆಪಟ್ಟಿಯ ಹುಡುಗಿಯ ಪಕ್ಕದಲ್ಲಿ ದಪ್ಪ ಕನ್ನಡಕದ, ತುಸು ದೊಡ್ಡ ಹುಡುಗಿಯೊಬ್ಬಳು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

ದೊಡ್ಡಮ್ಮ ಒಮ್ಮೆ ನೋಡಿ ಮುಖ ತಿರುಗಿಸಿದಳು. “ಅದು ಬೇಡ.”

“ಬೇರೆ ಯಾವುದೂ ಇಲ್ವಲ್ಲ,” ಎಂದು ಮಗಳು ಅದನ್ನೇ ಒಯ್ದು ಅಮ್ಮನ ತಲೆಯ ಹತ್ತಿರ ಸ್ಟೂಲಿನ ಮೇಲೆ ಇಟ್ಟಳು.

*

ಮಗಳು ಸಣ್ಣವಳಿದ್ದಾಗ ಅಮ್ಮ ಅವಳನ್ನು ಕೂಗಿ ಕರೆದದ್ದೇ ಇಲ್ಲ. ಊಟಕ್ಕೆ, ಸ್ನಾನಕ್ಕೆ, ಆಟದಿಂದ ಮನೆಗೆ, ಎಲ್ಲದಕ್ಕೂ ಬಾಗಿಲಲ್ಲಿ ನಿಂತು ಎರಡು ಚಪ್ಪಾಳೆ. ಬೀದಿಯ ಮಕ್ಕಳು, “ಹೋಗೇ, ನಿಮ್ಮಮ್ಮ ಪಾರಿವಾಳ ಹಾರಿಸ್ತಿದಾರೆ,” ಎಂದು ನಗುತ್ತಿದ್ದರು. ಮನೆಯಲ್ಲಿ ಅಮ್ಮನ ಮಾತು ‘ಹೂಂ’, ‘ಸರಿ’, ‘ಹುಷಾರು’ಗಳಲ್ಲಿ ಮುಗಿಯುತ್ತಿತ್ತು. ಅಮ್ಮ, ದೊಡ್ಡಮ್ಮ ಇಬ್ಬರೇ ಅಡುಗೆಮನೆಯಲ್ಲಿದ್ದಾಗ ಏನೋ ಗುಸುಗುಸು ಕೇಳುವುದು. ಮಗಳು ಒಳಗೆ ಕಾಲಿಟ್ಟರೆ ಅದೂ ನಿಲ್ಲುವುದು.

ಒಮ್ಮೆ ಬೇಸಿಗೆ ರಜೆಯಲ್ಲಿ ಟೀವಿಯವರು ಅಮ್ಮ ಚಿಕ್ಕಂದಿನಲ್ಲಿ ನಟಿಸಿದ್ದ ಹಳೆಯ ಧಾರಾವಾಹಿ ‘ಗಿಲಕಿ’ಯನ್ನು ಮತ್ತೆ ಹಾಕಿದರು. ಗಿಲಕಿ ಎಂದರೆ ಮನೆಮನೆಗೂ ನುಗ್ಗಿ ಅಡಗಿ ಕೂತು ದೊಡ್ಡವರನ್ನು ಪೇಚಿಗೆ ಸಿಕ್ಕಿಸುವ ತರಲೆ ಹುಡುಗಿ. ಎಲ್ಲರೂ ಹುಡುಕಿ ಸೋತಾಗ ಗೂಡಿನಿಂದಲೋ ಡ್ರಮ್ಮಿನಿಂದಲೋ ತಲೆ ಹೊರಗೆ ಹಾಕಿ, “ಹುಡುಕಿ ಹುಡುಕಿ ಸುಸ್ತಾದ್ರಾ? ನಾನಿಲ್ಲೇ ಇದೀನಲ್ಲಾ!” ಎನ್ನುವಳು. ಗಾಜಿನ ಗೋಲಿಗಳು ಮೆಟ್ಟಿಲ ಮೇಲಿಂದ ಉರುಳಿ ಬಂದಂತಹ ದನಿ.

“ಅಮ್ಮಾ, ಒಂದ್ಸಲ ಹಾಗೆ ಹೇಳಮ್ಮ,” ಎಂದು ಮಗಳು ಸೆರಗು ಹಿಡಿದು ಜಗ್ಗಿದಳು.

ಅಮ್ಮ ಟೀವಿ ಆರಿಸಿ ಹಿತ್ತಿಲಿಗೆ ಹೋಗಿಬಿಟ್ಟಳು.

ಅಪ್ಪ ಬದುಕಿದ್ದವರೆಗೂ ಹೆಂಡತಿಯ ಭಾನುವಾರಗಳನ್ನು ತಮಾಷೆ ಮಾಡುತ್ತಿದ್ದ. ಭಾನುವಾರ ಸಂಜೆಯಾಯಿತೆಂದರೆ ಅವಳು ಒಂದು ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಳು. ಯಾವ ಬಸ್ಸೂ ಹತ್ತದೆ, ಯಾರನ್ನೂ ಕರೆತರದೆ ಕತ್ತಲಾಗುವ ಹೊತ್ತಿಗೆ ಮರಳುತ್ತಿದ್ದಳು. “ನಿಮ್ಮಮ್ಮನಿಗೆ ಬಸ್ಸುಗಳ ಜೊತೆ ಸಂಬಂಧ ಕಣೇ,” ಎನ್ನುವನು ಅಪ್ಪ. ಮಗಳಿಗೆ ನಗು ಬರುತ್ತಿರಲಿಲ್ಲ. ಒಂದಲ್ಲ ಒಂದು ದಿನ ಅಮ್ಮ ಬಸ್ ಹತ್ತಿಯೇಬಿಡುತ್ತಾಳೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ದೊಡ್ಡವಳಾಗುತ್ತ ಆ ಭಯ ಸಿಟ್ಟಾಯಿತು, ಆಮೇಲೆ ಸಿಟ್ಟೂ ಸವೆದು ತಿಂಗಳಿಗೊಂದು ಫೋನಿಗೆ ಬಂದು ನಿಂತಿತು. ಅವಳು ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ‘ಬ್ರೇಕು, ಬ್ರೇಕು!’ ಎಂದು ಕಿರುಚುವುದೇ ಕೆಲಸ.

*

ಮಧ್ಯಾಹ್ನಕ್ಕೆ ಜನ ತುಂಬಿದರು. ಅರ್ಧ ಜನ ತೀರಿಕೊಂಡವಳನ್ನು ಬಲ್ಲವರು, ಇನ್ನರ್ಧ ಗಿಲಕಿಯನ್ನು ಬಲ್ಲವರು. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಫೋಟೋ ನೋಡಿ, “ಇಷ್ಟು ವರ್ಷ ಎದುರುಬದುರು ಇದ್ವಿ, ಇವರೇ ಆ ಗಿಲಕಿ ಅಂತ ಗೊತ್ತೇ ಆಗ್ಲಿಲ್ಲ,” ಎಂದು ತಲೆ ಕೊಡವಿದರು.

ಟೀವಿಯವನೊಬ್ಬ ಕ್ಯಾಮೆರಾ ಹೆಗಲಿಗೇರಿಸಿ ಬಂದಿದ್ದ. ಮಗಳ ಹತ್ತಿರ ಬಂದು ದನಿ ತಗ್ಗಿಸಿ, “ಮೇಡಂ, ಎರಡೇ ನಿಮಿಷ. ಹಿನ್ನೆಲೇಲಿ ಅವರ ಹಳೇ ದನಿ ಇದ್ರೆ ಜನರ ಕರುಳು ಚುರ್ ಅನ್ನುತ್ತೆ,” ಎಂದ. ಅವಳು ಹೂಂ ಎನ್ನುವ ಮೊದಲೇ ಫೋನನ್ನು ಹೆಣದ ತಲೆಯ ಪಕ್ಕದಲ್ಲಿಟ್ಟು ಒತ್ತಿಬಿಟ್ಟ.

“ಹುಡುಕಿ ಹುಡುಕಿ ಸುಸ್ತಾದ್ರಾ? ನಾನಿಲ್ಲೇ ಇದೀನಲ್ಲಾ!”

ಕೋಣೆಯ ಮಾತೆಲ್ಲ ಒಮ್ಮೆಗೇ ಬಿದ್ದುಹೋಯಿತು. ಬಿಳಿ ಹೊದಿಕೆ ಅಲುಗಲಿಲ್ಲ, ಆದರೆ ಅಲುಗೀತೇನೋ ಎಂದು ಎಲ್ಲರೂ ಅದನ್ನೇ ನೋಡಿದರು. ಮೇಷ್ಟ್ರ ಹೆಂಡತಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದಳು. ಫೋನು ಸುಮ್ಮನಿರದೆ ಮೊದಲಿನಿಂದ ಶುರು ಮಾಡಿತು. ಹುಡುಕಿ ಹುಡುಕಿ ಸುಸ್ತಾದ್ರಾ?

“ಅದನ್ನ ನಿಲ್ಸಿ. ಅದು ಅವಳ ದನಿ ಅಲ್ಲ.”

ಬಾಗಿಲಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ನಿಂತಿದ್ದಳು. ಅರ್ಧ ನರೆತ ಗಿಡ್ಡ ಕೂದಲು, ಎದೆಯ ಮೇಲೆ ಕೆಲಸದ ಗುರುತಿನ ಚೀಟಿ ಹಾಗೇ ತೂಗುತ್ತಿತ್ತು. ಆ ಮಾತು ತಿಳಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಕೋಣೆಯ ಮೂಲೆ ಮೂಲೆಗೂ ಮುಟ್ಟಿತು.

“ಬಸ್ ಸ್ಟ್ಯಾಂಡಲ್ಲಿ ಅನೌನ್ಸ್ ಮಾಡೋರಲ್ವಾ ನೀವು?” ಎಂದರು ಮೇಷ್ಟ್ರು ಅಚ್ಚರಿಯಿಂದ.

“ಹೌದು. ಆ ಫೋನಲ್ಲಿರೋಳೂ ನಾನೇ.”

“ಈಗ ಆ ಮಾತು ಯಾಕಮ್ಮಾ?” ದೊಡ್ಡಮ್ಮ ಎದ್ದು ನಿಂತಳು. “ಹೋದೋಳು ಹೋದ್ಲು. ಇಷ್ಟು ವರ್ಷ ಮುಚ್ಚಿಟ್ಟದ್ದು ಇನ್ನೊಂದು ಗಂಟೆ ಮುಚ್ಚಿರ್ಲಿ.”

“ಮುಚ್ಚಿಟ್ಟು ಯಾರಿಗೇನು ಬಂತಕ್ಕಾ? ಸತ್ತ ಮೇಲೂ ನನ್ನ ದನೀನ ಅವಳ ಬಾಯಿಗೆ ತುರುಕಬೇಕಾ?”

ದೊಡ್ಡಮ್ಮ ಕೂತುಬಿಟ್ಟಳು. ಟೀವಿಯವನ ಕಣ್ಣು ಮಿನುಗಿತು. “ಮೇಡಂ, ಇದನ್ನೇ ಸ್ವಲ್ಪ ಕ್ಯಾಮೆರಾ ಕಡೆ ತಿರುಗಿ...”

“ನಡೀರಿ ಆಚೆ,” ಎಂದಳು ಮಗಳು. ಕಾರಿನಲ್ಲಿ ಕಿರುಚುವ ದನಿಯಲ್ಲಿ ಅಲ್ಲ. ಮೆಲ್ಲಗೆ ಹೇಳಿದಳು, ಆದರೂ ಅವನು ಹೋದ.

*

ಗಿಲಕಿಯ ಪಾತ್ರಕ್ಕೆ ಆರಿಸಿದ್ದ ಒಂಬತ್ತರ ಹುಡುಗಿಯ ಮುಖ ಸ್ಟುಡಿಯೋದಲ್ಲಿ ಮೊದಲ ದಿನ ಎಲ್ಲರಿಗೂ ಹಿಡಿಸಿತ್ತು. ಆಮೇಲೆ ಅವಳು ಬಾಯಿ ಬಿಟ್ಟಳು. ಹುಟ್ಟಿನಿಂದಲೂ ಅವಳದು ಒಡಕು ಗಂಟಲು, ಒಣ ಮರಕ್ಕೆ ಗರಗಸ ಹಾಕಿದಂತೆ. ನಿರ್ದೇಶಕ ಕಿವಿಯಿಂದ ಹೆಡ್‌ಫೋನು ತೆಗೆದು, “ಮುಖ ಚಿನ್ನ, ಗಂಟಲು ತಗಡು,” ಎಂದ. ಸುತ್ತಲಿದ್ದವರು ನಕ್ಕರು. ಏಕೆಂದು ತಿಳಿಯದೆ ಅವಳೂ ನಕ್ಕಳು.

ಮರುವಾರ ಗಾಜಿನಾಚೆಯ ಪುಟ್ಟ ಕೋಣೆಗೆ ಕನ್ನಡಕದ ಹುಡುಗಿಯೊಬ್ಬಳು ಬಂದಳು. ಇವಳು ತುಟಿ ಆಡಿಸುವುದು, ಆಮೇಲೆ ಅವಳು ಆ ತುಟಿ ನೋಡುತ್ತ ಮಾತಾಡುವುದು. ಬಿಡುವಿನಲ್ಲಿ ಇಬ್ಬರೂ ವೈರುಗಳ ರಾಶಿಯ ಹಿಂದೆ ಕೂತು ಒಂದೇ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದರು.

“ಹೊರಗೆ ಎಲ್ಲೂ ಬಾಯಿ ಬಿಡಬೇಡ,” ಎಂದು ತಾಯಿ ಹೇಳಿಕೊಟ್ಟಿದ್ದಳು. ಅಂಗಡಿ ಉದ್ಘಾಟನೆಗೆ, ಶಾಲೆಯ ಸಮಾರಂಭಕ್ಕೆ ಕರೆದೊಯ್ದಾಗ, “ಮಗೂಗೆ ಗಂಟಲು ನೋವು,” ಎಂದು ತಾನೇ ಮಾತಾಡುತ್ತಿದ್ದಳು. ಒಮ್ಮೆ ಮಾತ್ರ ತರಗತಿಯಲ್ಲಿ ಟೀಚರು ಬಲವಂತ ಮಾಡಿ ನಿಲ್ಲಿಸಿ ಹೇಳಿಸಿದರು. ಹುಡುಕಿ ಹುಡುಕಿ, ಎಂದು ಅವಳು ಶುರು ಮಾಡಿದಳು. ಮಕ್ಕಳು ಗೊಳ್ಳೆಂದರು. ಹಿಂದಿನ ಬೆಂಚಿನಿಂದ ಯಾರೋ, “ಟೀಚರ್, ಇವಳು ಗಿಲಕಿ ಅಲ್ಲ, ಗಿಲಕಿ ವೇಷ ಹಾಕ್ಕೊಂಡು ಬಂದಿದಾಳೆ!” ಎಂದು ಕೂಗಿದರು.

ಅವಳು ವಾಕ್ಯ ಮುಗಿಸದೆ ಕೂತಳು.

*

ಸ್ಮಶಾನದಿಂದ ಮರಳುವಾಗ ಬಿಸಿಲು ಇಳಿದಿತ್ತು. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ದೊಡ್ಡಮ್ಮ ಯಾರ ಮುಖವನ್ನೂ ನೋಡದೆ ಚಹಾದ ಲೋಟಗಳನ್ನೆಲ್ಲ ಗುಡ್ಡೆ ಹಾಕಿ, ಅಡುಗೆಮನೆಯ ನಲ್ಲಿಯಡಿ ತೊಳೆಯಲು ಕೂತಳು. ಮಗಳು ಹೇಳಿ ನಿಲ್ಲಿಸಿಕೊಂಡದ್ದರಿಂದ ಕನ್ನಡಕದ ಹೆಂಗಸು ಮಾತ್ರ ಉಳಿದಿದ್ದಳು. ಹೊರಗಿನ ಕೋಣೆಯಲ್ಲಿ ಹೆಣ ಮಲಗಿಸಿದ್ದ ಜಾಗ ಖಾಲಿಯಾಗಿ ದೊಡ್ಡದಾಗಿ ಕಾಣುತ್ತಿತ್ತು.

“ಭಾನುವಾರ ಅಮ್ಮ ಬರ್ತಿದ್ದದ್ದು ನಿಮ್ಮನ್ನ ನೋಡೋಕಾ?”

“ಮೊದಮೊದಲು ಬರೀ ಕೇಳೋಕೆ. ದೊಡ್ಡವಳಾದ ಮೇಲೆ ನನ್ನ ದನಿ ಇಳಿದಿತ್ತು, ಆದ್ರೂ ಗುರುತು ಹಿಡಿದುಬಿಟ್ಲು. ದೂರದ ಬೆಂಚಲ್ಲಿ ಕೂತು ಬಸ್ಸುಗಳ ಹೆಸರು ಕೇಳೋಳು. ಒಂದಿನ ನಾನೇ ಕ್ಯಾಬಿನ್ನಿಂದ ಎದ್ದು ಬಂದು, ‘ಏನೇ, ಬಿಸ್ಕತ್ತು ತಂದಿದೀಯಾ?’ ಅಂದೆ. ಆಮೇಲೆ ಪ್ರತಿ ವಾರ ನನ್ನ ಪಾಳಿ ಮುಗಿಯೋವರೆಗೆ ಕಾಯೋಳು. ಅಬ್ಬಬ್ಬಾ, ಆಮೇಲೆ ಶುರು ನೋಡು ಮಾತು. ಬಾಯಿಗೆ ಬೀಗ ಅನ್ನೋದೇ ಇರ್ಲಿಲ್ಲ.”

“ನಮ್ಮಮ್ಮನಿಗಾ?”

“ಹ್ಞೂಂ ಕಣಮ್ಮ. ಅಂಗಡಿಗೆ ಬಂದೋರನ್ನೆಲ್ಲ ಅಣಕಿಸಿ ತೋರಿಸೋಳು. ಸೊಟ್ಟ ಫೋಟೋ ತಂದು ಕಟ್ಟು ಸೊಟ್ಟಗಿದೆ ಅಂತ ಜಗಳಕ್ಕೆ ಬಂದೋನು, ಗಂಡನ ಫೋಟೋಗೆ ಅಗ್ಗದ ಗಾಜು ಸಾಕು ಅಂದೋಳು. ನೀನು ಮೊದಲ ಸಲ ಕಾರು ತಗೊಂಡು ಹೋಗಿ ಹಾಲಿನ ಬೂತಿಗೆ ಗುದ್ದಿದ್ದನ್ನ ನಾಲ್ಕು ವಾರ ಹೇಳಿದ್ಲು.”

ಮಗಳು ಅವಳ ಕಡೆ ತಿರುಗಿದಳು. “ನನ್ನ ಹತ್ರ ಯಾಕೆ ಮಾತಾಡ್ಲಿಲ್ಲ ಹಾಗಿದ್ರೆ? ನಾನೇನು ಮಾಡಿದ್ದೆ?”

ಕನ್ನಡಕದ ಹೆಂಗಸು ಕತ್ತಿನಿಂದ ಗುರುತಿನ ಚೀಟಿ ತೆಗೆದು ಪಕ್ಕಕ್ಕಿಟ್ಟಳು.

“ನೀನು ಹುಟ್ಟಿದಾಗ ಹೆದರಿಕೊಂಡಿದ್ಲು. ಮಗು ತನ್ನ ಗಂಟಲು ಕೇಳಿ ಬೆಚ್ಚಿ ಅತ್ರೆ ಏನು ಮಾಡ್ಲಿ ಅಂತ. ಆಮೇಲೆ ನೀನು ಟೀವಿ ನೋಡಿ, ‘ಹಾಗೆ ಹೇಳು’ ಅಂದ್ಯಂತೆ. ಅವಳು ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ನಾನೂ ಬೈದಿದೀನಿ. ನನಗೇನು ಕಮ್ಮಿ ಹೊಟ್ಟೆಕಿಚ್ಚಿತ್ತಾ? ಬಿಸ್ಕತ್ತಿನ ಪೊಟ್ಟಣದ ಮೇಲೆಲ್ಲ ಗಿಲಕಿ ಅಂತ ಅವಳ ಮುಖ, ಫೋಟೋಗಳಲ್ಲಿ ಕತ್ತರಿ ಬಿದ್ದದ್ದು ನನಗೆ. ಆದ್ರೆ ನಾನು ಬಾಯಿ ಬಿಟ್ಟಾಗ ಯಾರೂ ನಗ್ಲಿಲ್ಲ. ಅವಳಿಗೆ ಆ ನಗು ಕಿವಿಯಿಂದ ಹೋಗ್ಲೇ ಇಲ್ಲ.”

ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗುವ ಸದ್ದು. ಮಗಳು ಆ ಖಾಲಿ ಜಾಗವನ್ನೇ ನೋಡುತ್ತ ಹೇಳಿದಳು:

“ನಿನ್ನೆಯಿಂದ ಅಮ್ಮನ ದನಿ ನೆನಪು ಮಾಡ್ಕೊಳ್ಳೋಕೆ ನೋಡ್ತಿದೀನಿ ಆಂಟಿ. ಆಗ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಗಿಲಕಿ ಬಂದು ನಾನಿಲ್ಲೇ ಇದೀನಿ ಅಂತಾಳೆ. ಫೋನಲ್ಲಿ ಹುಡುಕಿದೆ, ಎಲ್ಲೂ ಇಲ್ಲ. ಇಡೀ ಊರಿನ ಹತ್ರ ಅವಳ ಮುಖ ಇದೆ, ನಿಮ್ಮ ದನಿ ಇದೆ. ಅವಳದ್ದು ಅನ್ನೋದು ಒಂದೇ ಒಂದು ಮಾತಿಲ್ಲ.” ಅವಳು ತಡೆದು ತಡೆದು ಕೇಳಿದಳು. “ನಿಮಗೆ ಬೇರೆಯವರ ದನಿ ತೆಗೆಯೋಕೆ ಬರುತ್ತಲ್ವಾ? ಒಂದ್ಸಲ, ಅವಳ ಥರ...”

“ಬೇಡಮ್ಮ. ಅದು ಸರಿಹೋಗಲ್ಲ.”

“ಒಂದೇ ಸಲ.”

ಹೆಂಗಸು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಯಾರದೋ ತುಟಿಗಳನ್ನು ನೋಡುತ್ತಿರುವವಳಂತೆ ಮುಖ ಸ್ವಲ್ಪ ಮುಂದೆ ಬಂತು. ಆಮೇಲೆ ಆ ತಿಳಿಯಾದ ಗಂಟಲಿನಿಂದ ಒಡಕಾದ, ಗರಗರ ಎನ್ನುವ, ನಗುವನ್ನು ಒಳಗೇ ಹಿಡಿದಿಟ್ಟುಕೊಂಡ ದನಿಯೊಂದು ಹೊರಟಿತು.

“ಅಯ್ಯೋ, ಕೇಳೇ ಇಲ್ಲಿ. ಇವತ್ತು ಅಂಗಡಿಗೆ ಒಬ್ಬ ಬಂದಿದ್ದ...”

“ಅಂಗಡಿಗೆ ಯಾರೇ ಬಂದಿದ್ದು?” ಅಡುಗೆಮನೆಯಿಂದ ದೊಡ್ಡಮ್ಮ ಕೇಳಿದಳು. “ನಲ್ಲಿ ಸದ್ದಲ್ಲಿ ಸರಿಯಾಗಿ ಕೇಳಿಸ್ತಿಲ್ಲ, ತಾಳು, ಬಂದೆ.”

ದೊಡ್ಡಮ್ಮ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ಹೊಸ್ತಿಲಿಗೆ ಬಂದಳು. ಮಾತಾಡಿದವಳ ಕಡೆ ನೋಡಲಿಲ್ಲ. ಮುಖದ ಮೇಲೆ ತಂಗಿಯ ಕತೆ ಕೇಳುವ ಮುಂಚಿನ ನಗು ಅರ್ಧ ಮೂಡಿತ್ತು. ಖಾಲಿ ನೆಲವನ್ನು ನೋಡುತ್ತ ಅವಳು ಹಾಗೆಯೇ ನಿಂತಳು. ಬೆರಳ ತುದಿಗಳಿಂದ ನೀರು ತೊಟತೊಟನೆ ಹೊಸ್ತಿಲ ಮೇಲೆ ಬೀಳುತ್ತಿತ್ತು.