ಹಿಡಿ, ಹಿಂಡಬೇಡ

ಒದ್ದೆ ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮೊಮ್ಮಗಳ ಕೈಯಲ್ಲಿ. ಎದುರುಬದುರು ನಿಂತು ನಾನೊಂದು ಕಡೆ, ಅವಳೊಂದು ಕಡೆ ತಿರುಚುತ್ತಿದ್ದೆವು. ಮೂರನೆಯ ತಿರುವಿಗೆ ಅವಳ ತುದಿ ಜಾರಿತು. ಹೊದಿಕೆ ಸುರುಳಿ ಬಿಚ್ಚಿಕೊಂಡು ಬಂದು ನನ್ನ ಮೊಣಕಾಲಿಗೆ ಛಟೀರೆಂದು ಬಡಿಯಿತು.

“ಹೆಸರಿಗೆ ಉಡ, ಕೈ ನೋಡಿದ್ರೆ ಬೆಣ್ಣೆ,” ಅಂದೆ.

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಅಂಗೈ ನೋಡಿಕೊಳ್ಳುತ್ತಾ ನಿಂತಳು.

ಉಡ ಅನ್ನುವ ಹೆಸರು ನಾನೇ ಇಟ್ಟದ್ದು. ಹುಟ್ಟಿದ ಮೂರನೆಯ ದಿನ ನನ್ನ ತೋರುಬೆರಳು ಹಿಡಿದವಳು ಬಿಡಲೇ ಇಲ್ಲ, ಅವಳಮ್ಮ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಈಗ ಹದಿನೇಳು. ಎರಡು ವರ್ಷದಿಂದ ಜಿಮ್‌ಗೆ ಹೋಗಿ ಡೆಡ್‌ಲಿಫ್ಟ್ ಮಾಡುತ್ತಾಳೆ. ಆ ಮಾತು ಮೊದಲು ಕಿವಿಗೆ ಬಿದ್ದಾಗ, “ಸತ್ತವರನ್ನ ಎತ್ತೋ ಕೆಲಸ ನಿನಗ್ಯಾಕೆ?” ಅಂತ ಕೇಳಿದ್ದೆ.

“ಸತ್ತವರಲ್ಲ ಅಜ್ಜಿ, ಕಬ್ಬಿಣದ ರಾಡ್. ಎರಡೂ ಕಡೆ ಪ್ಲೇಟು. ನೆಲದಿಂದ ಎತ್ತಿ ನೆಟ್ಟಗೆ ನಿಲ್ಲೋದು, ಅಷ್ಟೇ.”

ಅಷ್ಟೇ ಅಂದದ್ದು ಅಷ್ಟೇ ಆಗಿರಲಿಲ್ಲ. ನೂರಹತ್ತು ಕಿಲೋ ಬಂದರೆ ಕಾಲು ತಡೆಯುತ್ತದೆ, ಬೆನ್ನು ತಡೆಯುತ್ತದೆ, ಬೆರಳು ಮಾತ್ರ ಬಿಚ್ಚಿಕೊಳ್ಳುತ್ತದೆ. ಅಭ್ಯಾಸದಲ್ಲಿ ಮಣಿಕಟ್ಟಿಗೆ ಪಟ್ಟಿ ಸುತ್ತಿ ರಾಡಿಗೆ ಬಿಗಿದುಕೊಂಡು ಎತ್ತುತ್ತಾಳೆ, ಸ್ಪರ್ಧೆಯಲ್ಲಿ ಪಟ್ಟಿ ಕೂಡದು. ಸ್ಪರ್ಧೆಗೆ ಸೇರುವ ಪತ್ರ ಕಳೆದ ವರ್ಷವೂ ಬರೆದಿಟ್ಟಳು, ಕಳಿಸಲಿಲ್ಲ. ಈ ವರ್ಷದ್ದು ಚಮಚದ ಡ್ರಾಯರಿನಲ್ಲಿತ್ತು. ಅವಳಮ್ಮ ಬಸ್ ಓಡಿಸುವವಳು, ಮನೆಯಲ್ಲಿ ಸಿಗುವುದೇ ಅಪರೂಪ. ಹಿರಿಯರ ಸಹಿ ನಾನೇ ಹಾಕಿದ್ದೆ. ‘ಮೊದಲ ಸಲ ಎತ್ತುವ ತೂಕ’ ಅನ್ನುವ ಚೌಕ ಒಂದೇ ಖಾಲಿ. ಕೊನೆಯ ದಿನಕ್ಕೆ ಇನ್ನು ಆರು ವಾರ.

“ಈ ಸಲಾನೂ ಕಳಿಸಲ್ಲ ಅಜ್ಜಿ,” ಅಂದಳು, ಹೊದಿಕೆ ಎತ್ತಿಕೊಳ್ಳುತ್ತಾ. “ಎಲ್ಲರ ಎದುರು ಕೈ ಬಿಟ್ಟುಹೋದ್ರೆ ಆಮೇಲೆ ಆ ರಾಡ್ ಮುಟ್ಟೋಕೂ ನನಗೆ ಮನಸ್ಸು ಬರಲ್ಲ.”

ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು ನಾನು. ನಿನ್ನ ಕೈಗೆ ಕಸುವು ಬರಿಸೋದು ನನ್ನ ಜವಾಬ್ದಾರಿ ಅಂತ ಹತ್ತು ದಿನದಿಂದ ಬೆಳಿಗ್ಗೆ ಸಂಜೆ ಹಿಂಡಿಸುತ್ತಿದ್ದೆ. ಹೊದಿಕೆ, ಪರದೆ, ಕಾಲೊರಸು, ಕೊಳೆಯಾಗದ್ದನ್ನೂ ನೆನೆಸಿ ಹಿಂಡಿಸಿದೆ. ಕೆಳಗಿನ ಮನೆಯ ದರ್ಜಿಯಂತೂ, “ಯಾರಿಗೆ ಹೆರಿಗೆಯಾಯ್ತು, ಹೇಳಲೇ ಇಲ್ವಲ್ಲ?” ಅಂತ ಕೇಳಿದ.

“ಕೋಚ್ ಏನಂತಾರೆ?” ಅಂದೆ.

ಅವಳು ತಡೆದು ತಡೆದು ಹೇಳಿದಳು. “ಬೇಜಾರು ಮಾಡ್ಕೋಬೇಡ. ನಿಮ್ಮಜ್ಜಿ ಏನು ಮಾಡಿಸ್ತಿದ್ದಾರೋ ಅದನ್ನ ನಿಲ್ಲಿಸೋಕೆ ಹೇಳು ಅಂದ್ರು. ನಿನ್ನೆ ನೂರೂ ಜಾರಿತು. ಬೆಳಿಗ್ಗೆ ಬಾಚಣಿಗೆ ಹಿಡಿಯೋಕಾಗಲಿಲ್ಲ.”

ಅವಳ ಕೈಯಿಂದ ಹೊದಿಕೆ ತೆಗೆದುಕೊಂಡು ಹಿಂಡದೆಯೇ ಹಗ್ಗದ ಮೇಲೆ ಹಾಕಿದೆ. ಪ್ರೀತಿಯಿಂದ ಮಾಡಿದರೂ ತಪ್ಪು ತಪ್ಪೇ.

ಸಂಜೆ ಅವಳ ಜೊತೆ ಜಿಮ್‌ಗೆ ಹೋಗಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತೆ. ಇವಳು ಕೈಗೆ ಬಿಳಿ ಪುಡಿ ತಿಕ್ಕಿಕೊಂಡು ಬಗ್ಗಿದಳು. ರಾಡನ್ನು ಅಂಗೈಯ ಆಳಕ್ಕೆ ತುರುಕಿ ಹಿಂಡಿದಳು. ಗೆಣ್ಣು ಬೆಳ್ಳಗಾಯಿತು, ಹಲ್ಲು ಕಚ್ಚಿದಳು, ತೋಳು ನಡುಗಿತು. ರಾಡ್ ಇನ್ನೂ ನೆಲ ಬಿಟ್ಟಿರಲೇ ಇಲ್ಲ.

ಆ ಕೈ ನನಗೆ ಗುರುತಾಯಿತು. ಅದು ನನ್ನದೇ.

ಐವತ್ತೆಂಟರಲ್ಲಿ ನಾನು ರಾತ್ರಿ ಶಾಲೆಗೆ ಸೇರಿದಾಗ ‘ಅ’ ತಿದ್ದುವಷ್ಟರಲ್ಲಿ ನಾಲ್ಕು ಸಲ ಪೆನ್ಸಿಲಿನ ಮೊನೆ ಮುರಿದಿತ್ತು, ಹಾಳೆ ಹರಿದಿತ್ತು. ನನ್ನ ಮಗಳಿಗಿಂತ ಚಿಕ್ಕವಳಾದ ಟೀಚರ್ ಪಕ್ಕದಲ್ಲಿ ಕೂತು ಹೇಳಿದ್ದಳು: “ಅಮ್ಮಾ, ಪೆನ್ಸಿಲ್ ಎಲ್ಲಿಗೂ ಓಡಿಹೋಗಲ್ಲ. ಹಿಡೀರಿ, ಹಿಂಡಬೇಡಿ.”

ಇನ್ನೊಂದೂ ನೆನಪಾಯಿತು. ಆಸ್ಪತ್ರೆಯಲ್ಲಿ ಹಿಂಡುವುದಕ್ಕೆ ಬೇಗನೆ ಯಂತ್ರ ಬಂದಿತ್ತು. ನನ್ನ ಕೈ ಗಟ್ಟಿಯಾದದ್ದು ಒದ್ದೆ ಬಟ್ಟೆಯ ಬಕೆಟ್ಟು ಎರಡೂ ಕೈಯಲ್ಲಿ ಹಿಡಿದು ತಾರಸಿಗೆ ಹತ್ತಿ ಹತ್ತಿ. ಹಿಡಿಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಚರ್ಮ ಮಡಚಿ ಬೊಬ್ಬೆ ಏಳುತ್ತಿತ್ತು, ಹಿಡಿಕೆಯೂ ಉರುಳುತ್ತಿತ್ತು. ಬೆರಳಿನ ಬುಡದಲ್ಲಿ ಸಿಕ್ಕಿಸಿ, ಮೇಲೆ ಹೆಬ್ಬೆರಳು ಮುಚ್ಚಿದರೆ ಮುಗಿಯಿತು. ಬೆರಳು ಕೊಕ್ಕೆ, ತೋಳು ಹಗ್ಗ.

ಇದನ್ನು ಹೇಳಿದರೆ ಕೋಚಮ್ಮ ನಕ್ಕುಬಿಟ್ಟಳು. “ಆರು ತಿಂಗಳಿಂದ ನಾನೂ ಅದನ್ನೇ ಬಡ್ಕೋತಿದ್ದೀನಿ ಅಜ್ಜಿ. ನಾನು ಹೇಳಿದ್ದು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾಳೆ. ನೀವು ಹೇಳಿ.”

ನಾಲ್ಕು ದಿನ ಅವಳ ಕೈಗೆ ರಜೆ ಕೊಟ್ಟೆ. ಬೆಚ್ಚಗಿನ ನೀರಲ್ಲಿ ಅದ್ದಿಸಿ, ಎಣ್ಣೆ ಹಚ್ಚಿ ನೀವಿದೆ. ಆಮೇಲೆ ದಿನ ಬಿಟ್ಟು ದಿನ ಹಿತ್ತಲಲ್ಲಿ ತುಂಬಿದ ಬಕೆಟ್ಟು ಎರಡು, ಒಂದೊಂದರಲ್ಲೂ ದರ್ಜಿಯ ಹಳೆಯ ಇಸ್ತ್ರಿಪೆಟ್ಟಿಗೆ ಒಂದು. ನಾನು ಅಕ್ಷರಮಾಲೆ ಹೇಳಿ ಮುಗಿಸುವವರೆಗೆ ಹಿಡಿದು ನಿಲ್ಲಬೇಕು. ಮೊದಲ ದಿನ ‘ಠ’ ಬರುವಷ್ಟರಲ್ಲಿ ಬಕೆಟ್ಟು ಬಿತ್ತು, ನೀರು ನನ್ನ ಕಾಲ ಮೇಲೆ.

“ಅಜ್ಜಿ, ಸ್ವಲ್ಪ ಬೇಗ ಬೇಗ ಹೇಳು.”

“ಐವತ್ತೆಂಟಕ್ಕೆ ಕಲಿತದ್ದಮ್ಮ, ನಿಧಾನಕ್ಕೇ ಬರೋದು.”

ಎರಡನೆಯ ವಾರ ‘ನ’ ದಾಟಿದಳು. ‘ಭ’ದಲ್ಲಿ ಬಹಳ ದಿನ ಸಿಕ್ಕಿಕೊಂಡಳು, ಒಂದು ದಿನ ಸಿಟ್ಟು ಬಂದು ಬಕೆಟ್ಟು ಒದ್ದಳು, ಕಾಲಿಗೇ ಪೆಟ್ಟಾಯಿತು. ಐದನೆಯ ವಾರ ನಾನು ‘ಳ’ ಅಂದಾಗ ಬಕೆಟ್ಟು ಅವಳ ಕೈಯಲ್ಲೇ ಇತ್ತು. ಅವಳು ಬಕೆಟ್ಟನ್ನು ಸದ್ದಿಲ್ಲದೆ ಕೆಳಗಿಟ್ಟಳು.

ಮರುದಿನ ಜಿಮ್‌ನಲ್ಲಿ ಪಟ್ಟಿಯಿಲ್ಲದೆ ನೂರಹತ್ತು. ಬಗ್ಗಿ ಬೆರಳು ಸಿಕ್ಕಿಸಿದಳು, ತೋಳನ್ನು ಹಗ್ಗದ ಹಾಗೆ ಬಿಟ್ಟಳು, ಎದ್ದಳು. ನಾನು ಬೆಂಚಿನಲ್ಲಿ ಬಾಯೊಳಗೇ ಅ, ಆ, ಇ, ಈ ಅನ್ನುತ್ತಿದ್ದೆ. ನೆಟ್ಟಗೆ ನಿಂತವಳು ‘ಐ’ ಬರುವವರೆಗೂ ನಿಂತೇ ಇದ್ದಳು. ಅಷ್ಟು ಹೊತ್ತು ಬೇಕಿರಲಿಲ್ಲವಂತೆ.

“ಮೊದಲ ಸಲಕ್ಕೆ ನೂರೈದು ಬರಿ, ಧೈರ್ಯವಾಗಿರುತ್ತೆ,” ಅಂದಳು ಕೋಚಮ್ಮ.

ಬೆಳಿಗ್ಗೆ ಚಮಚಗಳ ಅಡಿಯಿಂದ ಪತ್ರ ತೆಗೆದು ಖಾಲಿ ಚೌಕದಲ್ಲಿ ನೂರೈದು ಬರೆದಳು. ಲಕೋಟೆಯ ಅಂಟಿಗೆ ನಾಲಗೆ ತಾಗಿಸಿ ಮುಖ ಸೊಟ್ಟ ಮಾಡಿದಳು. ಬೀದಿಯ ತಿರುವಿನ ಅಂಚೆ ಡಬ್ಬದವರೆಗೆ ನಾನೂ ಹೋದೆ.

ಲಕೋಟೆ ಡಬ್ಬದ ಬಾಯೊಳಗೆ ಅರ್ಧ ಹೋಯಿತು. ಅಲ್ಲೇ ನಿಂತಿತು. ಬೆರಳು ಸಡಿಲವಾಗಲಿಲ್ಲ.

“ಉಡ,” ಅಂದೆ, ಅವಳ ಬೆನ್ನ ಮೇಲೆ ಕೈಯಿಟ್ಟು. “ಹಿಡಿದದ್ದು ಸಾಕು. ಇದನ್ನ ಬಿಡು.”

ಬಿಟ್ಟಳು. ಡಬ್ಬದ ತಳಕ್ಕೆ ಅದು ಬಿದ್ದ ಸದ್ದು ಇಬ್ಬರಿಗೂ ಕೇಳಿಸಿತು.