ಸೋಬಾನೆಯ ಮೂರನೇ ನುಡಿ

"ಸೈನ್ ಹಾಕ್ಬಿಡಿ ಅಜ್ಜಿ, ಒಂದೇ ಒಂದು ಸೈನು," ಎಂದು ಕದಿರೇಶ್ ಮತ್ತೆ ಪೆನ್ನು ಚಾಚಿದ.

ದೊಡ್ಡಮುನಿಯಮ್ಮ ಪೆನ್ನನ್ನೂ ನೋಡಲಿಲ್ಲ, ಕಾಗದವನ್ನೂ ನೋಡಲಿಲ್ಲ. "ಯಾರೋ ನಿನಗೆ ಅಜ್ಜಿ? ನನಗಿನ್ನೂ ಅರವತ್ತೆರಡು," ಎಂದಳು. ಪಕ್ಕದಲ್ಲಿದ್ದ ಸೊಸೆ ಮೌನಿಕಾ ನಗು ತಡೆದುಕೊಂಡಳು. ಶ್ರೀನಿವಾಸಪುರದ ವಕೀಲ ಉಮಾಶಂಕರ್ ಮಾತ್ರ ತಮ್ಮ ಆಫೀಸಿನ ಕುರ್ಚಿಯಲ್ಲಿ ಹಣೆ ಒತ್ತಿಕೊಳ್ಳುತ್ತ ಕೂತಿದ್ದರು.

ರಾಯಲ್ಪಾಡಿನ ಸುತ್ತಮುತ್ತ ಮದುವೆ ಎಂದರೆ ದೊಡ್ಡಮುನಿಯಮ್ಮನ ಸೋಬಾನೆ ಇರಲೇಬೇಕು. ನಾಲ್ಕು ವರ್ಷದ ಹಿಂದೆ ಸೊಸೆಯಾಗಿ ಬಂದ ಮೌನಿಕಾ, ತನ್ನ ಮದುವೆಯ ವಿಡಿಯೋದಿಂದಲೇ ಶುರುಮಾಡಿ, ಅತ್ತೆಯ ಹಾಡುಗಳನ್ನು ಫೋನಿನಲ್ಲಿ ಹಿಡಿದು ಇಂಟರ್ನೆಟ್ಟಿನಲ್ಲಿ ಒಂದು ಚಾನೆಲ್ ಮಾಡಿದ್ದಳು. ಈಗ ಅದರಲ್ಲಿ ನೂರಾ ಅರವತ್ತು ಹಾಡುಗಳಿದ್ದವು. ಅದರಲ್ಲೊಂದು ತಮ್ಮದು, ಹತ್ತು ವರ್ಷದ ಹಿಂದೆಯೇ ತಾವು ರೆಕಾರ್ಡ್ ಮಾಡಿದ್ದು ಎಂದು ಬೆಂಗಳೂರಿನ ಆಡಿಯೋ ಕಂಪನಿಯೊಂದು ದೂರು ಕೊಟ್ಟಿತ್ತು. ಆ ಹಾಡಿದ್ದ ಎರಡು ವಿಡಿಯೋ ಆಗಲೇ ಹೋಗಿದ್ದವು. ಇನ್ನೊಂದು ದೂರು ಬಿದ್ದರೆ ಚಾನೆಲ್ಲೇ ಮುಚ್ಚುತ್ತದೆ. ಹಾಡು ಕಂಪನಿಯದೆಂದು ಬರೆದುಕೊಟ್ಟರೆ ದೂರು ವಾಪಸ್. ಆ ಕಾಗದ ಹಿಡಿದುಕೊಂಡೇ ಕಂಪನಿಯ ಕದಿರೇಶ್ ಬಂದಿದ್ದ.

"ಮೊದಲು ನಿಮ್ಮ ಹಾಡು ಪೂರ್ತಿ ಹಾಕು. ಕೇಳೋಣ," ಎಂದಳು ದೊಡ್ಡಮುನಿಯಮ್ಮ. ನೋಟಿಸ್ ಬಂದಾಗಿನಿಂದ ಆ ಹಾಡು ಮನೆಯಲ್ಲಿ ಯಾರ ಕಿವಿಗೂ ಬೀಳಕೂಡದೆಂದು ಅವಳದೇ ಅಪ್ಪಣೆ. ಹಟದಲ್ಲಿ ಅವಳನ್ನು ಮೀರಿಸುವವರು ಆ ಹೋಬಳಿಯಲ್ಲೇ ಇರಲಿಲ್ಲ.

ಕದಿರೇಶ್ ಫೋನನ್ನು ಮೇಜಿನ ಮೇಲಿಟ್ಟ. ಕೀಬೋರ್ಡು, ತಬಲ ಎಲ್ಲ ಸೇರಿಸಿ ಹಾಡನ್ನು ಚೆನ್ನಾಗಿ ಸಿಂಗರಿಸಿದ್ದರು. ಒಂದು ನುಡಿ ಆಯಿತು, ಎರಡಾಯಿತು. ಮೂರನೆಯದರಲ್ಲಿ ಹಾಡುಗಾರ್ತಿ ಇಂಪಾಗಿ, "ಬೈರಕೂರ ಮುನಿಯಲ್ಲಪ್ಪನ ಮುದ್ದಿನ ಮಗಳು ಮೌನಿಕಾ" ಎಂದಳು.

"ಅತ್ತೇ!" ಎಂದು ಮೌನಿಕಾ ಎದ್ದೇ ನಿಂತಳು.

ದೊಡ್ಡಮುನಿಯಮ್ಮ ಹಾಡು ನಿಲ್ಲಿಸುವಂತೆ ಕೈ ಎತ್ತಿದಳು. ಮೂರನೇ ನುಡಿಯಲ್ಲಿ ಆಯಾ ಮದುವೆಯ ಹೆಣ್ಣಿನ ಹೆಸರು, ಅವಳ ಊರು, ಅವಳ ಅಪ್ಪನ ಹೆಸರು ಸೇರಿಸಿ ಹಾಡುವುದು ಪದ್ಧತಿ. ಮೌನಿಕಾಳ ಮದುವೆಯಲ್ಲಿ ಹುಡುಗಿಯನ್ನು ಹಸೆಮಣೆಗೆ ಕರೆತಂದವನು ಸೋದರಮಾವ ಮುನಿಯಲ್ಲಪ್ಪ. ಎದುರಿಗೆ ನಿಂತವನ ಹೆಸರೇ ಬಾಯಿಗೆ ಬಂದುಬಿಟ್ಟಿತ್ತು. ಧಾರೆಯ ಚೊಂಬು ಹಿಡಿದು ನಿಂತಿದ್ದ ಅಪ್ಪ ಶ್ರೀರಾಮಪ್ಪನ ಮುಂದೆ ಚಪ್ಪರವೆಲ್ಲ ಗೊಳ್ಳೆಂದು ನಕ್ಕಿತ್ತು. ಅವನು ಅಂದು ಊಟವನ್ನೂ ಮಾಡದೆ ಹೊರಟವನು ಇವತ್ತಿನವರೆಗೂ ಬೀಗರ ಹೊಸ್ತಿಲು ತುಳಿದಿರಲಿಲ್ಲ.

"ಲಾಯರ್ ಸಾರ್, ಮುನಿಯಲ್ಲಪ್ಪನಿಗೆ ಹೆಣ್ಮಕ್ಕಳೇ ಇಲ್ಲ," ಎಂದಳು ದೊಡ್ಡಮುನಿಯಮ್ಮ. "ಅದು ನಾಲ್ಕು ವರ್ಷದ ಹಿಂದೆ ನಾನು ಮಾಡಿದ ತಪ್ಪು. ಇವರ ಹತ್ತು ವರ್ಷದ ಹಿಂದಿನ ಹಾಡಿಗೆ ಹೆಂಗೆ ಬಂತು ಕೇಳಿ."

ಕದಿರೇಶ್ ಗಂಟಲು ಸರಿಮಾಡಿಕೊಂಡ. "ಜಾನಪದ ಅಲ್ವಾ ಸಾರ್, ಹೆಸರು ಯಾರದಾದ್ರೂ ಇರ್ಬೋದು." ಹಾಗೆಂದವನೇ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ.

ಅವನು ಹೋದ ಮೇಲೆ ಉಮಾಶಂಕರ್ ಕುರ್ಚಿ ಮುಂದಕ್ಕೆಳೆದುಕೊಂಡರು. "ಕೇಸು ಗಟ್ಟಿ ಇದೆಯಮ್ಮಾ. ಆದ್ರೆ ಸೊಸೆ ಹೇಳಿದ್ರೆ ಮನೆಯವರ ಮಾತು ಅಂತಾರೆ. ನಿಮಗೆ ಆಗದವರು ಯಾರಾದ್ರೂ ಪ್ರಮಾಣ ಮಾಡಿ ಬರ್ದುಕೊಟ್ರೆ ಅದಕ್ಕೆ ತೂಕ."

ಆಗದವರು ಯಾರೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅತ್ತೆ ಸೊಸೆ ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಬೈರಕೂರಿಗೆ ಬಂದರು. ಶ್ರೀರಾಮಪ್ಪ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ಮಗಳನ್ನು ಕಂಡು ಮುಖ ಅರಳಿತು. ಹಿಂದೆ ನಿಂತ ಬೀಗಿತ್ತಿಯನ್ನು ಕಂಡದ್ದೇ ಸೊಪ್ಪಿನ ಬುಟ್ಟಿಗೆ ಮತ್ತೆ ಕೈ ಹಾಕಿದ.

ದೊಡ್ಡಮುನಿಯಮ್ಮ ಸುತ್ತಿಬಳಸಲಿಲ್ಲ. "ಇಷ್ಟು ವರ್ಷ ಮೈಕ್ ಸರಿ ಇರ್ಲಿಲ್ಲ ಅಂತ ಹೇಳ್ಕೊಂಡು ತಿರುಗ್ದೆ ಅಣ್ಣಾ. ಮೈಕ್ ಚೆನ್ನಾಗೇ ಇತ್ತು. ನಾನೇ ತಪ್ಪು ಹಾಡ್ದೆ. ಅದನ್ನ ನೀವು ಬರ್ದುಕೊಡ್ಬೇಕು," ಎಂದು ನಡೆದದ್ದನ್ನೆಲ್ಲ ಹೇಳಿದಳು.

ಶ್ರೀರಾಮಪ್ಪ ಬುಟ್ಟಿಯಲ್ಲಿದ್ದ ಸೊಪ್ಪನ್ನೆಲ್ಲ ಹರವಿ ಮುಗಿಸಿದ. "ಮಗಳನ್ನ ಧಾರೆ ಎರೆಯೋಕೆ ನಿಂತಿದ್ದೆ ಕಣಮ್ಮಾ," ಎಂದ.

ದೊಡ್ಡಮುನಿಯಮ್ಮ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತಳು. "ಗೊತ್ತು. ತಪ್ಪಾಯ್ತು," ಎಂದಳು.

"ನಾನು ಬರ್ದುಕೊಟ್ರೆ ನೀನು ತಪ್ಪು ಹಾಡ್ದೆ ಅನ್ನೋದು ಛಾಪಾ ಕಾಗದದ ಮೇಲೆ ಕೂತ್ಬಿಡುತ್ತೆ. ಆಮೇಲೆ ಅಳಿಸೋಕಾಗಲ್ಲ."

"ಕೂತ್ಕೊಳ್ಳಲಿ ಬಿಡಿ. ತಪ್ಪು ನಂದು ಅಣ್ಣಾ. ಅದನ್ನ ಆ ಕಂಪನಿಯೋರಿಗೆ ಯಾಕೆ ಬಿಟ್ಟುಕೊಡ್ಲಿ?"

ಅವನು ಕೈ ತೊಳೆದುಕೊಂಡು ಬಂದು ಗೂಟದಿಂದ ಶರ್ಟು ತೆಗೆದುಕೊಂಡ.

ಮಧ್ಯಾಹ್ನ ಉಮಾಶಂಕರ್ ಆಫೀಸಿನಲ್ಲಿ ಟೈಪಿಸ್ಟ್ ಆಶಾರಾಣಿ ಪ್ರಮಾಣಪತ್ರ ಟೈಪು ಮಾಡಿದಳು. ಅಷ್ಟರಲ್ಲಿ ಕದಿರೇಶ್ ಎರಡು ಸಲ ಫೋನು ಮಾಡಿ, ಕೂತು ಮಾತಾಡಿ ಮುಗಿಸೋಣ ಸಾರ್ ಎಂದಿದ್ದ. "ದೂರು ವಾಪಸ್ ಅಂತ ಮೊದಲು ಬರ್ದು ಕಳ್ಸಿ," ಎಂದು ವಕೀಲರು ಫೋನಿಟ್ಟಿದ್ದರು.

ಶ್ರೀರಾಮಪ್ಪ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಪರದೆಗೆ ಬಾಗಿ ಅಕ್ಷರ ಅಕ್ಷರವಾಗಿ ಓದಿದ. ಓದಿ ಮುಗಿಸಿ, "ಇನ್ನೊಂದು ಸಾಲು ಸೇರ್ಸಮ್ಮಾ," ಎಂದ. "ಆ ಒಂದು ಹೆಸರು ಬಿಟ್ರೆ, ಅವತ್ತು ಆಕೆ ಹಾಡಿದ್ದರಲ್ಲಿ ಒಂದಕ್ಷರನೂ ತಪ್ಪಿರ್ಲಿಲ್ಲ. ನಾನು ಅಂಥಾ ಸೋಬಾನೆ ಎಲ್ಲೂ ಕೇಳಿಲ್ಲ."

"ಇದು ಕೇಸಿಗೆ ಬೇಕಾಗಿಲ್ಲ ಯಜಮಾನ್ರೇ," ಎಂದರು ಉಮಾಶಂಕರ್.

"ನನಗೆ ಬೇಕು."

ವಕೀಲರು ತಲೆಯಾಡಿಸಿದರು. ಆಶಾರಾಣಿ ಟೈಪು ಮಾಡತೊಡಗಿದಳು. ದೊಡ್ಡಮುನಿಯಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ರಸ್ತೆಯಲ್ಲಿ ರಿವರ್ಸ್ ಬರುತ್ತಿದ್ದ ಮಾವಿನ ಲಾರಿಯೊಂದನ್ನು, ಅದು ಸರಿಯಾಗಿ ನಿಂತು ಎಂಜಿನ್ ಆರಿದ ಮೇಲೂ, ನೋಡುತ್ತಲೇ ಇದ್ದಳು.